ಔಡಲೆಣ್ಣೆಯ ಸೀಸೆ

ಮೊಣಕಾಲು ಬಗ್ಗಲೊಲ್ಲದು.

“ಭಾಳ ಜೋರ ಹಾಕಬ್ಯಾಡವಾ, ಮುರದೀತು,” ಎಂದಳು ಪಕ್ಕದ ಮನೆಯ ಮಾಲವ್ವ.

“ಮುರದ್ರ ಮುರೀಲಿ,” ಎಂದಳು ಕೆಂಚವ್ವ. “ಕುಂತು ಹೋಗಬೇಕು ಅವರು. ಉದ್ದಕ ಮಲಗಿಸಿ ಒಯ್ಯಾಕ ಅವರೇನು ಸಾವ್ಕಾರನ ಕಟಗಿ ತುಂಡೇನ?”

ಪಡಸಾಲೆಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಸತ್ತ ಮನೆಯಲ್ಲಿ ಅಳು ಕೇಳಬೇಕು. ಇಲ್ಲಿ ಬೈಗುಳ ಕೇಳುತ್ತಿತ್ತು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕುಸಿದ ಶಂಕ್ರಪ್ಪ, ಹೊತ್ತು ಏರುವಷ್ಟರಲ್ಲಿ ಸೆಟೆಯತೊಡಗಿದ್ದ. ಕೆಂಚವ್ವ ಬಿಸಿನೀರಿನ ಅರಿವೆಯನ್ನು ಗಂಡನ ಕಾಲಿಗೆ ಸುತ್ತಿ, ತಿಕ್ಕಿ, ಮತ್ತೆ ಸುತ್ತಿ, ಮೂರನೆಯ ಸಲಕ್ಕೆ ಮಡಚಿಸಿದಳು. ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ, ಹಣೆ ತುಂಬ ವಿಭೂತಿ ಬಳಿದರು. ಎಡಗೈಯಲ್ಲಿ ಲಿಂಗವಿಟ್ಟರು. ಬಲಗೈ ಮಾತ್ರ ಏನನ್ನೋ ಹಿಡಿಯಹೊರಟಂತೆ ಅರ್ಧ ಮುಚ್ಚಿತ್ತು. ನಟ್ಟು ಬಿಚ್ಚುವ ಪಾನಾ ಹಿಡಿದು ಹಿಡಿದು ಹಾಗಾಗಿದ್ದ ಕೈ.

“ಉಗುರಾಗ ಕರಿ ಕುಂತೈತಿ. ಶೀಗಿಪುಡಿ ಹಾಕಿ ತಿಕ್ಕೂಣೇನ?” ಎಂದಳು ಮಾಲವ್ವ.

“ಅದನ್ನ ಮುಟ್ಟಬ್ಯಾಡ. ಸೈಕಲ್ಲಿನ ಗ್ರೀಸು ಅದು. ಎಂಜಿನಿಗೆ ಕಿವಿ ಹಚ್ಚಿ ಅದರ ರೋಗ ಹೇಳ್ತಿದ್ದ ಮನಿಷಾಗ ಕಡೀಕ ಸೈಕಲ್ಲಿನ ಗ್ರೀಸ ಗತಿ ಆತು. ಮಂದಿ ನೋಡ್ಲಿ.”

ಶಂಕ್ರಪ್ಪನಷ್ಟು ಕೈಗುಣದ ಮೋಟಾರು ಮಿಸ್ತ್ರಿ ದಾಂಡೇಲಿ, ಹಳಿಯಾಳ, ಜೋಯಿಡಾದಲ್ಲೆಲ್ಲ ಇರಲಿಲ್ಲ. ಆದರೆ ಕಳೆದ ಆರು ವರ್ಷ ಅವನ ಅಂಗಡಿಯ ಮುಂದೆ ಒಂದು ಮೋಟಾರೂ ನಿಂತಿರಲಿಲ್ಲ. ಅವನ ಕೈ ಹತ್ತಿದ ಗಾಡಿ ಮನುಷ್ಯರನ್ನು ತಿನ್ನುತ್ತದೆ ಎಂದು ಊರು ಆಡಿಕೊಳ್ಳುತ್ತಿತ್ತು. ಮಿಲ್ಲಿನ ಪಾಳಿಗೆ ಹೋಗುವವರ ಸೈಕಲ್ಲುಗಳಿಗೆ ಪಂಕ್ಚರ್ ಹಾಕುತ್ತ ಅವನು ಆ ಮಾತನ್ನೆಲ್ಲ ಕೇಳಿದ. ಶ್ರಾವಣದಲ್ಲಿ ಮಠದ ಕಂಬಕ್ಕೊರಗಿ ಪುರಾಣ ಕೇಳುವಂತೆ, ಬಾಯಿ ತೆರೆಯದೆ ಕೇಳಿದ. ಕೆಂಚವ್ವನಿಗೆ ಅದೇ ಸಿಟ್ಟು.

ಹೊರಗೆ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಬಾಗಿಲಲ್ಲಿ ಅಬ್ದುಲ್ ರಜಾಕ ನಿಂತಿದ್ದ. ಹದಿನಾಲ್ಕು ವರ್ಷ ಶಂಕ್ರಪ್ಪನ ಜೋಡಿ ಒಂದೇ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡಿದವನು. ಈಗ ಈಶಪ್ಪ ಸಾವಕಾರನ ಶೆಡ್ಡಿನಲ್ಲಿ ಹೆಡ್ ಮಿಸ್ತ್ರಿ.

“ವೈನಿ...”

“ಹೊಸ್ತಿಲಾ ದಾಟಬ್ಯಾಡ.”

ಅವನು ಎತ್ತಿದ ಕಾಲನ್ನು ಹಿಂದಕ್ಕಿಟ್ಟ. “ಒಮ್ಮೆ ಮಾರಿ ನೋಡಿ ಹೊಕ್ಕೇನಿ.”

“ಆರು ವರ್ಷ ಎದುರು ಬಂದ್ರ ಓಣಿ ಬದಲಸ್ತಿದ್ದಿ. ಇವತ್ತೇನು ಮಾರಿ ನೋಡೂದು? ಆವತ್ತು ಗಾಡಿ ಬಾಜೂಕ ನೀನ ಇದ್ದಿ. ರೇಸಿನ ಕ್ಲಬ್ಬಿನ ಸಾಹೇಬ್ರು ಕೇಳಿದಾಗ ಏನಂದಿ?”

“ನೋಡಿಲ್ಲ ಅಂದೆ.”

“ನೋಡಿದ್ದಿಲ್ಲೇನ?”

ರಜಾಕ ತನ್ನ ಟೊಪ್ಪಿಗೆಯನ್ನು ತೆಗೆದು ಹಿಂಡಿದ. “ಮೂರು ಹೆಣ್ಣುಮಕ್ಕಳು ವೈನಿ. ಸಾವ್ಕಾರರ ಶೆಡ್ಡಿನ ಹಿಂದs ನಮ್ಮನಿ...”

“ಇವರಿಗೂ ಮನಿ ಇತ್ತು! ಇದs ಮನ್ಯಾಗ ಹಬ್ಬಕ್ಕ ಹೋಳಿಗಿ ಉಂಡಾಂವ ನೀ.” ಅವಳ ದನಿ ಏರಿತು. “ಕೇಳು ರಜಾಕಭಾಯಿ. ಹೇಳೂದಿದ್ರ ಮಣ್ಣು ಕೊಡೂ ಜಾಗಾದಾಗ ಹೇಳು. ಮಗನ್ನ ಕಳಕೊಂಡ ಮುದಕವ್ವನ ಮುಂದ, ಆ ಸಾವ್ಕಾರನ ಮುಂದ ಹೇಳು. ಅವರ ಮ್ಯಾಲಿನ ಕಳಂಕ ತೊಳೀದs ನಾ ಮಣ್ಣು ಮುಚ್ಚಗೊಡೂದಿಲ್ಲ. ಬಾಯಿ ಬಿಡೂ ಧೈರ್ಯ ಇಲ್ಲಂದ್ರ ಬರಬ್ಯಾಡ. ನಿನ್ನ ಮುಷ್ಟಿ ಮಣ್ಣು ಇಲ್ಲದ ಅವರಿಗೇನೂ ಕಡಿಮಿ ಆಗೂದಿಲ್ಲ.”

ರಜಾಕ ಟೊಪ್ಪಿಗೆಯನ್ನು ತಲೆಗೇರಿಸಿದ. ತಿರುಗಿ ಚಪ್ಪಲಿ ಮೆಟ್ಟಿಕೊಂಡು ದಬದಬ ಹೋಗಿಬಿಟ್ಟ.

“ಮತ್ತ ಓಡಿದ ನೋಡ,” ಎಂದಳು ಕೆಂಚವ್ವ.

*

“ಇದನ್ನ ಗಾಡಿಗೆ ಕುಡಸ್ತೀರೇನ?” ಎಂದು ಅವಳು ಆವತ್ತು ನಕ್ಕಿದ್ದಳು. ಐವತ್ತೊಂಬತ್ತನೆಯ ಇಸವಿಯ ಡಿಸೆಂಬರು. ಒಲೆಯ ಮೇಲೆ ಹಿತ್ತಾಳೆಯ ಬೋಗುಣಿಯಲ್ಲಿ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬೆಚ್ಚಗಾಗುತ್ತಿತ್ತು. ಹಳಿಯಾಳದ ಗಾಣದಿಂದ ಅವಳೇ ತರಿಸಿ, ಹಳೆಯ ಧೋತರದ ಅರಿವೆಯಲ್ಲಿ ಎರಡು ಸಲ ಸೋಸಿದ್ದಳು.

“ನಗು ನಗು. ಬಾಣಂತಿ ಹೊಟ್ಟಿಗೂ ಇದs, ರೇಸಿನ ಎಂಜಿನಿಗೂ ಇದs.” ಶಂಕ್ರಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಣ್ಣೆಯಲ್ಲಿ ಬೆರಳದ್ದಿ ಬಿಸಿ ನೋಡುತ್ತಿದ್ದ. “ಪಲ್ಟಣದ ವರ್ಕಶಾಪಿನ್ಯಾಗ ಗೋರಾ ಸಾರ್ಜಂಟ ಕಲಿಸಿದ್ದ. ಉಳಿದ ಎಣ್ಣಿ ಕಾದ್ರ ನೀರಾಗಿ ಓಡಿ ಹೊಕ್ಕಾವು. ಇದು ಎಷ್ಟು ಕಾದ್ರೂ ಕಬ್ಬಣಾ ಬಿಟ್ಟು ಹೋಗಂಗಿಲ್ಲ. ಚಳಿಯಾಗ ದಪ್ಪ ಆಕ್ಕೈತಿ, ಅದಕ್ಕs ಬೆಚ್ಚಗ ಮಾಡಿ ಹಾಕಬೇಕು. ಒಂದs ಪಥ್ಯ ಇದಕ್ಕ. ಬ್ಯಾರೆ ಎಣ್ಣಿ ಜೋಡಿ ಕೂಡಸಬಾರದು. ಕೂಡಸಿದ್ರ ಗೋಂದ ಆಗಿ ಎಂಜಿನ್ ಕಚ್ಚಿಕೊಳ್ತೈತಿ.”

ಜೋಯಿಡಾದ ಕಾಡಿನ ಕಟ್ಟಿಗೆಯ ಕಂತ್ರಾಟು ಹಿಡಿದಿದ್ದ ಈಶಪ್ಪ ಸಾವಕಾರನಿಗೆ ರೇಸಿನ ಹುಚ್ಚು. ಎಲ್ಲೋ ಹರಾಜಿನಲ್ಲಿ ಹಳೆಯ ವಿಲಾಯತಿ ಕಾರು ತಂದಿದ್ದ. ಶಂಕ್ರಪ್ಪ ಎಂಟು ತಿಂಗಳು ಅದನ್ನು ಬಿಚ್ಚಿ ಕಟ್ಟಿದ. ಬಾಗಿಲು, ಮಾಡು, ಹಿಂದಿನ ಸೀಟು ಎಲ್ಲ ತೆಗೆದು ಹಗುರ ಮಾಡಿದ. ಎಂಜಿನ್ನಿನ ತಲೆಯನ್ನು ಕೂದಲೆಳೆಯಷ್ಟು ಕೆರೆಸಿ ಒತ್ತಡ ಏರಿಸಿದ. ಬ್ರೇಕಿನ ಡ್ರಮ್ಮು ಕಾಯಬಾರದೆಂದು ಗಾಳಿಯಾಡಲು ತೂತು ಕೊರೆದ. ಪೆಟ್ರೋಲು ಹನಿಯುವ ಜೆಟ್ಟಿನ ಕಣ್ಣನ್ನು ಕೆಂಚವ್ವನ ಕೌದಿ ಸೂಜಿಯಿಂದಲೇ ಅಳೆದ. ಬರೀ ಎಲುಬು, ಉದ್ದ ಕಾಲು. ಊರು ಅದಕ್ಕೆ ಮಿಡತೆ ಎಂದು ಹೆಸರಿಟ್ಟಿತು. ಬೆಳಗಾವಿಯಾಚೆ ಯುದ್ಧಕಾಲದ ಹಳೆಯ ವಿಮಾನಪಟ್ಟಿಯಲ್ಲಿ ಪಂದ್ಯ. ಮುಂಬೈ, ಪುಣೆಯಿಂದ ಗಾಡಿಗಳು ಬರುವವು.

ಬೋಗುಣಿಯ ಎಣ್ಣೆಯನ್ನು ಡಬ್ಬಿಗೆ ಸುರಿದು, ಚಳಿ ತಾಗದಂತೆ ಕಂಬಳಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋಗಿದ್ದ.

ಮೂರನೆಯ ದಿನ ಬರಿಗೈಲಿ ಬಂದ. ನಡುಮನೆಯ ಕತ್ತಲಿಗೆ ಮುಖ ಮಾಡಿ ಕೂತು ಹೇಳಿದ. ಮಿಡತೆಯ ಹೊಗೆಯ ವಾಸನೆಗೆ ಮುಂಬೈಯ ಒಬ್ಬ, “ಯಾರ ಹೊಟ್ಟೆ ಕಟ್ಟಿದೆ ಇಲ್ಲಿ?” ಎಂದು ಕೇಳಿದನಂತೆ. ಸಾಲಾಗಿ ನಿಂತ ಹೆಂಗಸರು ಮೂಗಿಗೆ ಕರವಸ್ತ್ರ ಹಿಡಿದು ನಕ್ಕರಂತೆ. ಸಾವಕಾರನ ಕಿವಿ ಕೆಂಪಾಯಿತಂತೆ.

“ನಂಬರಿನ ಚೀಟಿ ತರಾಕ ಹೋಗಿದ್ದೆ. ಬಂದು ನೋಡಿದ್ರ ಎಣ್ಣಿ ಮುಚ್ಚಳದ ಮ್ಯಾಲೆ ಹೊಸಾ ಹಸಿ. ಇದು ಯಾರು ಮುಟ್ಟಿದ್ರೋ ಅಂತ ರಜಾಕನ ಕೇಳಿದೆ. ತಲಿ ಕೆಳಗ ಹಾಕಿದ. ಅಷ್ಟರಾಗ ಗಾಡಿ ಸಾಲಿಗೆ ಹೋತು. ಅಡ್ಡ ನಿಂದರಬೇಕಿತ್ತು ಕೆಂಚೀ. ಗಾಡಿಗೆ ಅಡ್ಡ ಮಲಗಬೇಕಿತ್ತು ನಾ.”

ನಾಲ್ಕನೆಯ ಸುತ್ತಿನಲ್ಲಿ ಎಂಜಿನ್ ಕಚ್ಚಿ, ಗಾಲಿ ಸಿಕ್ಕಿಕೊಂಡು, ಮಿಡತೆ ತಿರುವಿನಲ್ಲಿ ಅಡ್ಡಡ್ಡ ಹಾರಿತ್ತು. ಓಡಿಸುತ್ತಿದ್ದ ಸಾವಕಾರನ ಕೈ ಮುರಿಯಿತು. ತಿರುವಿನಲ್ಲಿ ಹಳದಿ ನಿಶಾನೆ ಹಿಡಿದು ನಿಂತಿದ್ದವನು ಕೋಗಿಲಬನದ ಸಾತಪ್ಪ, ಸಾವಕಾರನದೇ ಆಳು, ಮುದಕವ್ವನ ಒಬ್ಬನೇ ಮಗ. ಅವನು ಅಲ್ಲಿಯೇ ಸತ್ತ.

“ಅಡಗಿಮನಿ ಎಣ್ಣಿ ಹಾಕಿ ಕೊಂದ,” ಎಂದ ಸಾವಕಾರ. ಊರೂ ಹಾಗೆಯೇ ಅಂದಿತು. ಅಂದಿನಿಂದ ಪ್ರತಿ ಸಂತೆಯ ದಿನ ಮುದಕವ್ವ ಶಂಕ್ರಪ್ಪನ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ರಸ್ತೆಯ ಮಣ್ಣು ಮುಷ್ಟಿ ತುಂಬಿಕೊಂಡು ಅವನ ಮುಖದತ್ತ ತೂರುತ್ತಿದ್ದಳು. “ನನ್ನ ಮಗನ ತಿಂದಿ, ನಿನ್ನ ಬಾಯಾಗ ಮಣ್ಣು ಬೀಳಲಿ” ಎಂದು ಹೋಗುತ್ತಿದ್ದಳು. ಶಂಕ್ರಪ್ಪ ಮುಖ ಒರೆಸಿಕೊಂಡು, ಕಸಬರಿಗೆಯಿಂದ ಅಂಗಳ ಗುಡಿಸಿ, ಮತ್ತೆ ಟ್ಯೂಬಿಗೆ ಗಾಳಿ ಹಾಕುತ್ತಿದ್ದ.

*

ಭಜನೆಯ ತಾಳ ನಡುವೆಯೇ ನಿಂತಿತು. ಓಣಿಯಲ್ಲಿ ಕಾರು ಬಂದಿತ್ತು. ಈಶಪ್ಪ ಸಾವಕಾರ ಬೂಟುಗಾಲಿನಲ್ಲಿ ಅಂಗಳಕ್ಕೆ ಬಂದ. ಹಿಂದೆ ಡ್ರೈವರು, ಅವನ ಎರಡೂ ಕೈ ತುಂಬ ಸೇವಂತಿಗೆಯ ಹಾರ.

“ಏನ್ ಮಾಡೂದವಾ, ಎಲ್ಲಾ ದೇವರಿಚ್ಛಾ,” ಎಂದ ಸಾವಕಾರ. ಮಂದಿಗೆಲ್ಲ ಕೇಳುವ ದನಿ. “ಛಲೋ ಕಸಬುದಾರ. ಒಂದs ಒಂದು ತಪ್ಪು ಮಾಡಿದ. ನಾ ಅದನ್ನ ಎಂದೋ ಮಾಫ್ ಮಾಡೀನಿ. ಮನಸಿನ್ಯಾಗ ಏನೂ ಇಟಗೊಂಡಿಲ್ಲ.”

ಮಾಲವ್ವ ಕೆಂಚವ್ವನ ತೋಳು ಗಟ್ಟಿಯಾಗಿ ಹಿಡಿದಳು.

“ಮಾಫ್ ಮಾಡಾಕ ನೀವು ಯಾರ್ರಿ?” ಎಂದಳು ಕೆಂಚವ್ವ.

“ಆಂ?”

“ಹಾರಾ ಅಲ್ಲೇ ಇರ್ಲಿ. ನಿಮ್ಮ ಕೈಯಾಗಿಂದು ಅವರ ಮೈಗೆ ಹತ್ತೂದು ಬ್ಯಾಡ.”

“ದುಃಖದಾಗ ಮಾತಾಡ್ತಾಳ,” ಎಂದು ಸಾವಕಾರ ಸುತ್ತಲಿನವರಿಗೆ ಹೇಳಿದ. “ನಡೀರಿ, ಹೊತ್ತಾತು. ಮಣ್ಣಿಗೆ ನಾನೂ ಬರ್ತೇನಿ.”

ಬಾಳೆಕಂಬ ಕಟ್ಟಿದ ಬಿದಿರಿನ ವಿಮಾನದಲ್ಲಿ ಶಂಕ್ರಪ್ಪ ನೆಟ್ಟಗೆ ಕೂತು ಹೊರಟ. ಇಷ್ಟು ಎತ್ತರದ ಸೀಟಿನಲ್ಲಿ ಅವನು ಎಂದೂ ಕೂತವನಲ್ಲ. ಎಂಟು ತಿಂಗಳು ಕಟ್ಟಿದ ಗಾಡಿಯಲ್ಲೂ ಸಾವಕಾರ ಒಂದು ದಿನವೂ ಅವನನ್ನು ಕೂತು ಓಡಿಸಗೊಟ್ಟಿರಲಿಲ್ಲ. ಕೆಂಚವ್ವ ಹಿಂದೆ ನಡೆದಳು. ದಾರಿಯುದ್ದಕ್ಕೂ ರಜಾಕನಿಗಾಗಿ ಕಣ್ಣಾಡಿಸಿದಳು. ಇರಲಿಲ್ಲ. ಹಾಳಾಗಿ ಹೋಗಲಿ, ಅಂದುಕೊಂಡಳು. ಆದರೂ ಪ್ರತಿ ತಿರುವಿನಲ್ಲಿ ಮತ್ತೆ ನೋಡಿದಳು.

ಕಾಳಿ ಹೊಳೆಯ ದಂಡೆಯ ಮೇಲೆ ಗುಂಡಿ ತಯಾರಿತ್ತು. ಜಂಗಮರಾದ ಅಡಿವೆಯ್ಯನವರು ಒಳಗಿಳಿದು, ಶಂಕ್ರಪ್ಪನನ್ನು ಕೂಡಿಸಿ, ವಿಭೂತಿ ಪತ್ರಿ ಏರಿಸಿ, ಮಂತ್ರ ಮುಗಿಸಿ ಮೇಲೆ ಬಂದರು. ಜನರ ಹಿಂದೆ, ಹುಣಸೆಮರದ ಬುಡದಲ್ಲಿ, ಮುದಕವ್ವ ನಿಂತಿದ್ದಳು. ಅವಳ ಮುಷ್ಟಿ ಆಗಲೇ ತುಂಬಿತ್ತು. ಸಂತೆಯ ದಿನವಲ್ಲದಿದ್ದರೂ ಕೊನೆಯ ಮಣ್ಣು ತೂರಲು ಬಂದಿದ್ದಳು.

“ಮಣ್ಣು ಕೊಡ್ರಿ,” ಎಂದರು ಅಡಿವೆಯ್ಯನವರು.

ಎಲ್ಲರಿಗಿಂತ ಮೊದಲು ಸಾವಕಾರ ಬಾಗಿ ಮಣ್ಣು ಹಿಡಿದ.

ಕೆಂಚವ್ವ ಗುಂಡಿಗೆ ಅಡ್ಡ ನಿಂತಳು. ಜೀವಮಾನವೆಲ್ಲ ಕೇಳಿಯೇ ಬದುಕಿದ ಹೆಂಗಸು. ಪುರಾಣ ಕೇಳಿದಳು, ಭಜನೆ ಕೇಳಿದಳು, ಊರಿನ ಮಾತು ಕೇಳಿದಳು. “ಇಂವಾ ಮಣ್ಣು ಕೊಡಂಗಿಲ್ಲ,” ಎಂದಳು.

“ಏನವಾ ಇದು?” ಎಂದರು ಅಡಿವೆಯ್ಯನವರು. “ಸತ್ತವರ ಮುಂದ ಜಗಳ?”

“ಇದ್ದಾಗ ಮಾಡಲಿಲ್ಲರೀ ಅಜ್ಜಾರ. ಅದs ತಪ್ಪಾತು.”

“ವೈನಿ!”

ಹೊಳೆಯ ಕಡೆಯಿಂದ ಏದುಸಿರು ಬಿಡುತ್ತ ರಜಾಕ ಬರುತ್ತಿದ್ದ. ಕಂಕುಳಲ್ಲಿ ಗೋಣಿಯ ಗಂಟು. ಬಿಚ್ಚಿದ. ದವಾಖಾನೆಯ ದೊಡ್ಡ ಗಾಜಿನ ಸೀಸೆ, ಬಾಯಿಗೆ ಮೇಣ. ಒಳಗಿನ ಎಣ್ಣೆ ಎರಡು ಪದರವಾಗಿತ್ತು. ಕೆಳಗೆ ಜೇನಿನಂಥ ದಪ್ಪ, ಮೇಲೆ ಕರಿ ತೆಳು.

“ಏ ರಜಾಕ, ಶೆಡ್ಡಿಗೆ ನಡಿ,” ಎಂದ ಸಾವಕಾರ.

“ಹೋಗೂದಿಲ್ಲರೀ.” ಅವನು ಸಾವಕಾರನನ್ನು ನೋಡದೆ ಮುದಕವ್ವನ ಕಡೆ ತಿರುಗಿದ. “ಯವ್ವಾ, ನೀ ನೋಡು. ಮಿಡತಿ ಎಂಜಿನ್ ಬಿಚ್ಚಿದಾಂವ ನಾ. ಎಣ್ಣಿ ಎಲ್ಲಾ ಹೊಳಿಗೆ ಚೆಲ್ಲು ಅಂದ್ರು. ಚೆಲ್ಲಿದೆ. ಒಂದು ಸೀಸೆ ಇಟಗೊಂಡೆ. ಕೆಳಗಿಂದು ವೈನಿ ಕಾಸಿ ಕೊಟ್ಟ ಔಡಲೆಣ್ಣಿ. ಮ್ಯಾಲಿಂದು ಪ್ಯಾಟಿಯ ಡಬ್ಬಿ ಎಣ್ಣಿ.”

ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿದ. ಎಲ್ಲ ಕಲಸಿ ಕೆಸರಿನ ಬಣ್ಣವಾಯಿತು. ಗುಂಡಿಯ ಅಂಚಿನ ಮಣ್ಣಿನ ಗುಡ್ಡೆಯ ಮೇಲೆ ಇಟ್ಟ. “ನೋಡ್ತಿರ್ರಿ. ಕೂಡಂಗಿಲ್ಲ ಇವು. ಕಾದ್ರ ಗೋಂದ ಆಕ್ಕಾವು, ಗಾಲಿ ಹಿಡಿತಾವು. ಶಂಕ್ರಣ್ಣ ಮಿಸ್ತ್ರಿ ಹಾಕಿದ್ದು ಒಂದs ಎಣ್ಣಿ.”

“ಎರಡನೇದು ಯಾರು ಸುರದ್ರು?” ಎಂದಳು ಮುದಕವ್ವ.

ಸೀಸೆಯ ತಳದಲ್ಲಿ ಬೆರಳಗಲ ತಿಳಿಯಾಯಿತು.

“ಮುಂಬೈ ಮಂದಿ ನಕ್ಕರು ಅಂತ... ವಾಸನಿ ಹೋಗ್ಲಿ ಅಂತ... ಸಾವ್ಕಾರರs ತಮ್ಮ ಕೈಲೆ ಸುರದ್ರು. ನನ್ನ ಕಣ್ಣ ಮುಂದ.”

“ಸುಳ್ಳ!” ಎಂದ ಸಾವಕಾರ. ಯಾರೂ ಅವನತ್ತ ತಿರುಗಲಿಲ್ಲ. ಜನರೆಲ್ಲ ಸೀಸೆಯನ್ನೇ ನೋಡುತ್ತಿದ್ದರು. ತಿಳಿ ಮೆಲ್ಲಗೆ ಏರುತ್ತಿತ್ತು, ಕರಿ ಮೆಲ್ಲಗೆ ಮೇಲೆ ಸರಿಯುತ್ತಿತ್ತು.

ರಜಾಕ ಕೆಂಚವ್ವನ ಮುಂದೆ ಕೈ ಮುಗಿದ.

“ಆರು ವರ್ಷ ಇದು ನಿನ್ನ ಮನ್ಯಾಗಿತ್ತು,” ಎಂದಳು ಅವಳು. “ಅವರ ಕಣ್ಣು ತೆರೆದಿದ್ದಾಗ ತರಬೇಕಿತ್ತು.” ಆದರೆ ಅವನು ಮಣ್ಣು ಹಿಡಿಯಲು ಬಾಗಿದಾಗ ದಾರಿ ಬಿಟ್ಟಳು.

ಮುದಕವ್ವ ಗುಂಡಿಯ ಅಂಚಿಗೆ ಬಂದಳು. ಹುಣಸೆಮರದ ಬುಡದಿಂದ ತಂದಿದ್ದ ಮಣ್ಣನ್ನು ಅಲ್ಲಿಯೇ ಕೈಕೊಡವಿ ಚೆಲ್ಲಿದಳು. ಹೊಸದಾಗಿ ಬಾಗಿ, ಬೊಗಸೆಯಲ್ಲಿ ಮಣ್ಣು ತುಂಬಿ, ಹೆಂಟೆ ಕಲ್ಲು ಆರಿಸಿ ತೆಗೆದಳು. ಕೂತವನ ಮುಖಕ್ಕೆ ತಾಗದಂತೆ, ಮೊಣಕಾಲ ಹತ್ತಿರ, ಹಿಟ್ಟು ಜರಡಿಯಾಡುವಷ್ಟು ಮೆಲ್ಲಗೆ ಬಿಟ್ಟಳು.

ಸಾವಕಾರನ ಮುಷ್ಟಿ ಯಾವಾಗಲೋ ಸಡಿಲಾಗಿ, ಅವನ ಮಣ್ಣು ಅವನ ಬೂಟಿನ ಮೇಲೆಯೇ ಸುರಿದಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಮಂದಿ ಜಾಗ ಬಿಡಲಿಲ್ಲ.

ಸೀಸೆಯೊಳಗೆ ಎಣ್ಣೆ ಎರಡಾಗಿ ನಿಂತಿತ್ತು.

ಮುದಕವ್ವ ಮತ್ತೆ ಬಾಗಿದಳು. ಮುಷ್ಟಿ ತುಂಬಿಕೊಂಡು ಎದ್ದಳು. ಈ ಸಲ ಗುಂಡಿಯ ಕಡೆ ತಿರುಗಲಿಲ್ಲ.