ಒಣ ಕೀಲಿನ ಚಕ್ರ

ಸೊಸೆ ಸ್ನಾನಕ್ಕೆ ಹೋದದ್ದೇ ತಡ, ಅತ್ತೆಯ ಕೈ ತುರಿಸಿತು. ಊಟದ ಮೇಜಿನ ಮೇಲೆ ಒಂದು ಗಾಜಿನ ಡಬ್ಬಿ, ಅದರೊಳಗೆ ಸಾಸಿವೆಯಂಥ ಪ್ಲಾಸ್ಟಿಕ್ ಮಣಿಗಳು, ನಡುವೆ ಬೆರಳುದ್ದದ ಚಕ್ರ. ಆ ಚಕ್ರದ ಕೀಲಿಗೆ ಸೊಸೆ ಸುರಿದಿದ್ದ ಎಣ್ಣೆ ಆನೆಯ ತಲೆಗೆ ಹಚ್ಚಿದರೂ ಮಿಗುತ್ತಿತ್ತು!

"ಬೆಟ್ಟದಷ್ಟು ಓದಿದಾಳೆ, ಜಿಡ್ಡು ತೊಳೆಯೋಕೆ ಬರಲ್ಲ," ಎಂದು ಅತ್ತೆ ಅದನ್ನು ಕಳಚಿ, ಪಾತ್ರೆ ಪುಡಿ ಹಾಕಿ ಗಸಗಸ ತಿಕ್ಕಿ, ಒರೆಸಿ, ಇದ್ದ ಹಾಗೇ ಸಿಕ್ಕಿಸಿಟ್ಟಳು.

ಕಾಲೇಜಿನ ಪ್ರಯೋಗಶಾಲೆಗೆ ಸುಣ್ಣ ಬಳಿಯುತ್ತಿದ್ದರಿಂದ ಪ್ರೊಫೆಸರು ಅಂದು ಮನೆಗೇ ಬರುವವರಿದ್ದರು. ಡಬ್ಬಿಯ ಕೆಳಗಿನ ಸ್ಪೀಕರು ಅದುರಿದರೆ ಮಣಿಗಳು ಹುಚ್ಚೆದ್ದು ಕುಣಿದು ಚಕ್ರಕ್ಕೆ ಬಡಿಯಬೇಕು. ಚಕ್ರದ ರೆಕ್ಕೆಗಳು ಒಂದು ಬದಿ ಮೊಂಡು, ಇನ್ನೊಂದು ಬದಿ ಇಳಿಜಾರು. ಹಾಗಾಗಿ ದಿಕ್ಕಿಲ್ಲದ ಏಟುಗಳಿಂದಲೇ ಅದು ಒಂದು ದಿಕ್ಕಿಗೆ ತಿರುಗಬೇಕು. ಅದೋ, ಈವರೆಗೆ ಕುಡುಕನಂತೆ ಹಿಂದಕ್ಕೂ ಮುಂದಕ್ಕೂ ತೂರಾಡುತ್ತಿತ್ತು. ಇಂದೂ ತಿರುಗದಿದ್ದರೆ ಈ ಸಂಶೋಧನೆಯ ವಿಷಯ ಕೈಬಿಟ್ಟು ಮೊದಲಿಂದ ಶುರುಮಾಡು ಎಂದು ಪ್ರೊಫೆಸರು ಕಡ್ಡಿ ಮುರಿದಂತೆ ಹೇಳಿದ್ದರು. ಅದಕ್ಕೇ ಅಷ್ಟು ಎಣ್ಣೆ.

"ಅತ್ತೇ! ಎಣ್ಣೆ ಎಲ್ಲಿ?"

ಆ ಕೂಗಿಗೆ ಬೆಕ್ಕು ಮೂರು ಬೀದಿ ದಾಟಿತು.

"ತೊಳೆದೆ ಕಣೇ. ಫಳಫಳ ಅಂತಿದೆ ನೋಡು."

"ಅಯ್ಯೋ, ಒಣ ಕೀಲು ಹಿಡ್ಕೊಂಡುಬಿಡುತ್ತೆ! ಎಣ್ಣೆ ಡಬ್ಬಾನೂ ಖಾಲಿ!"

ಅಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು. ಹುಡುಗಿಯ ಮೂರು ವರ್ಷದ ಕೆಲಸವನ್ನು ಮೋರಿಗೆ ಚೆಲ್ಲಿದೆನಲ್ಲ ಎಂದು ಅತ್ತೆ ಅಡಿಗೆಮನೆಯ ಬಾಗಿಲ ಹಿಂದೆ ಅಡಗಿದಳು.

ಸೊಸೆ ಪ್ರೊಫೆಸರನ್ನು ಮೇಜಿನ ಮುಂದೆ ಕೂರಿಸಿ ಸ್ವಿಚ್ ಒತ್ತಿದಳು. ಮಣಿಗಳು ಕುಣಿದವು. ಚಕ್ರ ಮುನಿಸಿಕೊಂಡ ಮದುಮಗನಂತೆ ಕೂತೇ ಇತ್ತು. ಆಮೇಲೆ ಟಕ್ ಎಂದು ಒಂಚೂರು ಜಾರಿ ನಿಂತಿತು. ಮತ್ತೆ ಟಕ್. ಅದೇ ದಿಕ್ಕಿಗೆ. ಆಗೊಮ್ಮೆ ಈಗೊಮ್ಮೆ ಹಿಂದಕ್ಕೆ ಕೂದಲೆಳೆಯಷ್ಟು ಸರಿದರೂ ಕೊನೆಗೆ ಒಂದಿಡೀ ಸುತ್ತು ಮುಗಿಸಿತು!

ಸೊಸೆ ಕಣ್ಣು ಮಿಟುಕಿಸದೆ ನೋಡಿದಳು, ಆಮೇಲೆ ಕುರ್ಚಿ ಬೀಳುವಂತೆ ಜಿಗಿದಳು.

"ಸಾರ್, ಗೊತ್ತಾಯ್ತು! ಇಳಿಜಾರು ಕಡೆಯಿಂದ ಸಣ್ಣ ಏಟು ಬಹಳ, ಮೊಂಡು ಕಡೆಯಿಂದ ದೊಡ್ಡ ಏಟು ಅಪರೂಪ. ಎಣ್ಣೆ ಇದ್ದಾಗ ಎರಡೂ ಸರಿಸಮ ಆಗಿಬಿಡ್ತಿತ್ತು. ಈಗ ಒಣ ಘರ್ಷಣೆ ಸಣ್ಣದನ್ನೆಲ್ಲ ನುಂಗಿಹಾಕುತ್ತೆ, ದೊಡ್ಡದು ಮಾತ್ರ ಚಕ್ರಾನ ದೂರ ಜಾರಿಸುತ್ತೆ!"

ಪ್ರೊಫೆಸರು ಕನ್ನಡಕ ಹಣೆಗೇರಿಸಿದರು. "ತಡೆಯುತ್ತೆ ಅಂದ್ಕೊಂಡಿದ್ದೇ ಓಡಿಸ್ತಿದೆಯಲ್ಲಮ್ಮ! ವಿಷಯ ಬಿಡಬೇಡ, ಇದನ್ನೇ ಗಟ್ಟಿಯಾಗಿ ಹಿಡ್ಕೋ. ಅಂದಹಾಗೆ, ಕೀಲು ಒಣಗಿಸಿದ್ದು ಹೇಗೆ?"

"ನಮ್ಮತ್ತೆ, ಸಾರ್. ಪಾತ್ರೆ ಪುಡಿ ಹಾಕಿ."

ಹೋದ ಜೀವ ಬಂದಂತಾಗಿ ಅತ್ತೆ ಹೊರಗೆ ಬಂದಳು, ನಾಲಿಗೆಯೂ ಜೊತೆಗೇ ಬಂತು. "ಇದಕ್ಕೆ ಇಷ್ಟೊಂದು ಓದಬೇಕಾ ಸ್ವಾಮಿ? ನಾನು ದಿನಾ ಸಾವಿರ ಸಲ ಗೊಣಗ್ತೀನಿ, ಇವಳು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಇವಳು ಒಂದೇ ಒಂದು ಸಲ 'ಅತ್ತೇ' ಅಂತ ಕಿರುಚಿದ್ರೆ ನಾನು ಪಕ್ಕದೂರಲ್ಲಿ ಬಿದ್ದಿರ್ತೀನಿ!"

ಪ್ರೊಫೆಸರು ನಕ್ಕ ನಗುವಿಗೆ ಕಿಟಕಿಯ ಗಾಜು ಅದುರಿತು. ಸೊಸೆ ಅತ್ತೆಯನ್ನು ಬಾಚಿ ತಬ್ಬಿಕೊಂಡಳು.

"ಅತ್ತೆ, ಒಳಗೆ ಇನ್ನೂ ನಾಲ್ಕು ಚಕ್ರ ಇವೆ. ತೊಳೆದುಕೊಡ್ತೀರಾ?"

"ಕೊಡ್ತೀನಿ ಬಿಡು. ಬೆಳಿಗ್ಗೆಯಿಂದ ಬಾಣಲೆ ಹಾಗೇ ಬಿದ್ದಿದೆ, ಅದನ್ನ ನೀನು ತಿಕ್ಕು."