ಎಡಗೆನ್ನೆ

“ಕೆಳಗಿಳಿಸು ಅದನ್ನ,” ಎಂದು ಮಗಳು ಸ್ಟೂಲಿನ ಮೇಲೆ ನಿಂತಿದ್ದ ಅಣ್ಣನ ಅಂಗಿ ಹಿಡಿದು ಜಗ್ಗಿದಳು.

ಅಣ್ಣ ಮೊಳೆಗೆ ಇನ್ನೊಂದೇಟು ಹಾಕಿ, ಬಾಗಿಲಿನ ಎದುರು ಗೋಡೆಗೆ ಫೋಟೊ ತೂಗುಹಾಕಿ, ಸೊಟ್ಟಗಿದೆಯೇ ಎಂದು ಕತ್ತು ವಾಲಿಸಿ ನೋಡಿದ. ಚೌಕಟ್ಟಿನೊಳಗೆ ಒಬ್ಬ ಹೆಂಗಸು ಕೂತಿದ್ದಳು. ಸುಲಿದ ಮೊಟ್ಟೆಯಂಥ ಕೆನ್ನೆಗಳು, ತಿದ್ದಿ ಬರೆದಂಥ ತುಟಿ, ಎರಡು ಕಣ್ಣೂ ಒಂದೇ ಅಳತೆ.

“ಯಾರಿದು?”

“ಅಮ್ಮ. ಇನ್ಯಾರು?”

“ಎಡಗೆನ್ನೆ ಎಲ್ಲಿ?”

“ಸ್ಟುಡಿಯೋದಲ್ಲಿ ಸ್ವಲ್ಪ ಸರಿ ಮಾಡಿಸ್ದೆ. ಜನ ಬರೋ ಹೊತ್ತು, ರಂಪ ಮಾಡ್ಬೇಡ.”

ಸರಿ ಮಾಡಿಸಿದೆ ಎಂಬ ಮಾತು ಮಗಳ ನೆತ್ತಿಗೇರಿತು. ಕೋಣೆಯ ನಡುವೆ ತೆರೆದ ಪೆಟ್ಟಿಗೆಯಲ್ಲಿ ಅಮ್ಮ ಮಲಗಿದ್ದಳು. ಅಲ್ಲೂ ಅವನ ಕೈವಾಡ ಕಾಣುತ್ತಿತ್ತು. ಬಿಳಿ ಬಟ್ಟೆಯ ಅಂಚನ್ನು ಎಡಗಿವಿಯಿಂದ ಮೂಗಿನವರೆಗೆ ಎಳೆದು, ಅದರ ಮೇಲೆ ಹೂವು ಒಟ್ಟಿದ್ದ. ಅರ್ಧ ಮುಖದ ಅಮ್ಮ ಕೆಳಗೆ, ಯಾರದೋ ಮುಖದ ಅಮ್ಮ ಮೇಲೆ.

ಮಗಳು ಫೋಟೊದ ಹತ್ತಿರ ಹೋಗಿ ನೋಡಿದಳು. ಅದೇ ನೀಲಿ ಕಾಲರು, ಹಿಂದೆ ಅದೇ ಬೂದು ಪರದೆ.

“ಈ ಫೋಟೊನೇ ಸಿಕ್ತಾ ನಿನಗೆ?”

*

ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಲಾಂಡ್ರಿಯ ಇಸ್ತ್ರಿ ಕೋಣೆಗೆ ಬಟ್ಟೆ ತರಲು ಹೋದಾಗ ಆವಿ ಕೊಳವೆ ಬಿರಿದು ಅಮ್ಮನ ಎಡಗೆನ್ನೆ ಬೆಂದಿತ್ತು. ಗಾಯ ಮಾಗಿ ಕೆಲಸಕ್ಕೆ ಹೋದರೆ ಮಾಲೀಕ, “ಗಿರಾಕಿಗಳು ಹೆದರ್ಕೋತಾರೆ,” ಎಂದು ಅವಳನ್ನು ಮುಂದಿನ ಕೌಂಟರಿನಿಂದ ಹಿಂದಿನ ಇಸ್ತ್ರಿ ಕೋಣೆಗೆ ಕಳಿಸಿದ. ಅಲ್ಲಿಂದಾಚೆಗೆ ಮನೆಯವರೂ ಅದನ್ನೇ ಮಾಡಿದರು. ಯಾರ ಮದುವೆಯಾದರೂ, ಯಾರಿಗೆ ಮಗುವಾದರೂ, ಫೋಟೊಗೆ ನಿಂತಾಗ ಒಂದು ದನಿ ಏಳುತ್ತಿತ್ತು: “ನೀನು ಸ್ವಲ್ಪ ಆ ಕಡೆ ತಿರುಗು.” ಇಲ್ಲವೇ ಅವಳ ಕೈಗೇ ಕ್ಯಾಮೆರಾ ಕೊಟ್ಟು, “ನೀನೇ ತೆಗೆದುಬಿಡು,” ಎನ್ನುತ್ತಿದ್ದರು. ಆಲ್ಬಮ್ಮಿನ ತುಂಬ ಅಮ್ಮ ಬಲಗಿವಿ, ಬಲಗೆನ್ನೆ; ಹೆಚ್ಚಿನ ಕಡೆ ಅದೂ ಇಲ್ಲ.

ಕೆಲಸ ಬಿಟ್ಟ ವರ್ಷ ಅಮ್ಮ ಮಗಳನ್ನು ಕರೆದುಕೊಂಡು ಸ್ಟುಡಿಯೋಗೆ ಹೋದಳು. “ನಾ ಸತ್ರೆ ಇಡೋಕೆ ಒಂದು ಬೇಕಲ್ಲ. ಆಮೇಲೆ ನೀವು ನನ್ನ ಕಿವಿ ಕತ್ತರಿಸಿ ದೊಡ್ಡದು ಮಾಡಿಸ್ತೀರಿ.”

“ಸ್ವಲ್ಪ ಗೋಡೆ ಕಡೆ ತಿರುಗಿ ಅಮ್ಮ,” ಎಂದ ಸ್ಟುಡಿಯೋದವನು.

“ಕ್ಯಾಮೆರಾ ಎದುರಿಗಿದೆ. ಗೋಡೆ ಹತ್ರ ನನಗೇನು ಮಾತು?”

ಮರುದಿನ ಅವನು ಕೊಟ್ಟ ಫೋಟೊದಲ್ಲಿ ಎಡಗೆನ್ನೆ ನುಣ್ಣಗಾಗಿತ್ತು. ಉಪಕಾರ ಮಾಡಿದವನ ನಗು ಅವನ ಮುಖದಲ್ಲಿತ್ತು.

“ಯಾರಪ್ಪಾ ಇವಳು?” ಎಂದಳು ಅಮ್ಮ.

“ನೀವೇ.”

“ಇವಳು ಒಂದು ದಿನಾನೂ ದುಡಿದ ಹಾಗೆ ಕಾಣಲ್ವಲ್ಲ. ನನ್ನ ಮುಖ ನನಗೆ ವಾಪಸ್ ಕೊಡು. ಅದಿಲ್ದೆ ನಾ ಇಲ್ಲಿಂದ ಏಳಲ್ಲ.”

ಅವನು ಗೊಣಗುತ್ತ ಮತ್ತೆ ಅಚ್ಚುಹಾಕಿಕೊಟ್ಟ. ಅಮ್ಮ ಅದನ್ನು ದಾರಿಯುದ್ದಕ್ಕೂ ಎದೆಗವಚಿಕೊಂಡೇ ಬಂದಳು.

*

ಜಗಳ ಮಾಡಿ ಗೆದ್ದು ತಂದ ಆ ಫೋಟೊವನ್ನೇ ಅಣ್ಣ ಅದೇ ಸ್ಟುಡಿಯೋಗೆ ಕೊಂಡೊಯ್ದು, ಅವಳು ಬೇಡವೆಂದ ಮುಖವನ್ನೇ ತಿರುಗಿ ಅಂಟಿಸಿಕೊಂಡು ಬಂದಿದ್ದ.

“ಸತ್ತ ಮೇಲಾದ್ರೂ ಚೆಂದ ಕಾಣ್ಲಿ ಅಂತ ಮಾಡಿಸ್ದೆ, ತಪ್ಪಾ?” ಎಂದ.

“ಬದುಕಿದ್ದಾಗ ಚೆಂದ ಇರ್ಲಿಲ್ಲ ಅಂತ ಯಾರು ಹೇಳಿದ್ರು?”

“ನಿನಗೇನು ಗೊತ್ತು? ಶಾಲೆಯಲ್ಲಿ ‘ಸೀದಮ್ಮನ ಮಗ ಬಂದ’ ಅಂತ ಕೂಗ್ತಿದ್ದಿದ್ದು ನನ್ನ. ನಿನ್ನನ್ನಲ್ಲ.”

“ಕೂಗಿದವರಿಗೆ ಏನಂದೆ? ಏನೂ ಇಲ್ಲ. ಮನೆಗೆ ಬಂದು, ಶಾಲೆ ಹತ್ರ ಬರ್ಬೇಡ ಅಂತ ಅಮ್ಮನಿಗೇ ಹೇಳ್ದೆ. ನಾನು ಅಲ್ಲೇ ಇದ್ದೆ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು.

ಲಾಂಡ್ರಿಯ ಹೆಂಗಸರು ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದಿದ್ದರು. ಎಲ್ಲರಿಗಿಂತ ಮುಂದೆ ಇದ್ದವಳು ಅಮ್ಮನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಅವಳಿಗೆ ‘ಗಂಟಲಕ್ಕ’ ಎಂದೇ ಹೆಸರು. ಬಾಗಿಲಲ್ಲಿ ನಿಂತು ಗೋಡೆಯ ಫೋಟೊ ನೋಡಿದಳು. ಹೂವಿನಡಿಯ ಅರ್ಧ ಮುಖವನ್ನೂ ನೋಡಿದಳು.

“ಕ್ಷಮಿಸಿ, ಮನೆ ತಪ್ಪಾಯ್ತು,” ಎಂದು ಹಿಂದೆ ತಿರುಗಿದಳು. “ನಡೀರೇ, ಇದು ಬೇರೆ ಯಾರದೋ ಸಾವು.”

ಅವರು ಯಾರೆಂದು ಅಣ್ಣನಿಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಮಗಳು ಅವನತ್ತ ಒಮ್ಮೆ ನೋಡಿ, ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು. ರಸ್ತೆಯ ತಿರುವಿನಲ್ಲಿ ಗಂಟಲಕ್ಕನ ಕೈ ಹಿಡಿದಳು.

“ಬನ್ನಿ ಅಕ್ಕ. ಅದು ಅಮ್ಮನೇ.”

“ಆ ಗೋಡೆ ಮೇಲಿರೋಳು?”

“ಅವಳು ಯಾರೂ ಅಲ್ಲ.”

ಮೇಲೆ ಬಂದವಳೇ ಮಗಳು ಸ್ಟೂಲು ಹತ್ತಿ ಫೋಟೊ ಕಿತ್ತು, ಅಣ್ಣನ ಕೈಗೆ ತುರುಕಿದಳು. ಹೂವುಗಳನ್ನು ಎರಡೂ ಕೈಯಿಂದ ಬಾಚಿ ಅಮ್ಮನ ಕಾಲ ಬಳಿ ಹಾಕಿದಳು. ಬಟ್ಟೆಯ ಅಂಚನ್ನು ಗಲ್ಲದ ಕೆಳಗೆ ಸರಿಸಿದಳು. ಸುಕ್ಕುಗಟ್ಟಿದ, ಹೊಳೆಯುವ ಎಡಗೆನ್ನೆ ಬೆಳಕಿಗೆ ಬಂತು.

“ಈಗ ನೋಡು, ಬಂದಳು ನಮ್ಮವಳು,” ಎಂದು ಗಂಟಲಕ್ಕ ಅದರ ಮೇಲೆ ಅಂಗೈ ಇಟ್ಟಳು. “ಆವತ್ತು ನಾ ತಣ್ಣೀರು ಸುರೀತಿದ್ರೆ ನನಗೇ ಬೈದ್ಳು ಕಣಮ್ಮ. ‘ಮೊದ್ಲು ಆ ಇಸ್ತ್ರಿ ಎತ್ತೇ, ಯಾರದೋ ಅಂಗಿ ಸುಡ್ತಿದೆ!’ ಮುಖ ಬೇಯ್ತಿದೆ, ಇವಳಿಗೆ ಅಂಗಿ ಚಿಂತೆ!”

ಹೆಂಗಸರೆಲ್ಲ ಅಳುತ್ತಲೇ ನಕ್ಕರು.

“ಮೆಲ್ಲಗೆ,” ಎಂದ ಅಣ್ಣ. “ಸಾವಿನ ಮನೆ.”

“ನೀನು ಸುಮ್ನಿರು,” ಎಂದಳು ಮಗಳು. “ಇಷ್ಟು ಹೊತ್ತು ಸುಮ್ನೇ ಇದ್ದೆಯಲ್ಲ, ಹಾಗೇ ಇರು.”

ಕೆಳಗೆ ವ್ಯಾನು ಬಂದು ಹಾರನ್ ಹಾಕಿತು. ಚಾಲಕ ಮೇಲೆ ಬಂದು, ಮೆಟ್ಟಿಲು ಕಿರಿದು, ಹೊರಲು ಗಟ್ಟಿ ಆಳು ಬೇಕು ಎಂದ. ಅಣ್ಣ ಫೋಟೊವನ್ನು ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಸ್ಟೂಲಿನ ಮೇಲೆ ಬೋರಲು ಹಾಕಿ, ತನ್ನ ಗೆಳೆಯರಿಗಾಗಿ ಸುತ್ತ ನೋಡಿದ. ಗಂಟಲಕ್ಕ ಅವನನ್ನು ದಾಟಿ ಮುಂದೆ ಬಂದಳು.

“ದಿನಾ ಒದ್ದೆ ಬಟ್ಟೆ ಹೊತ್ತವರು ನಾವು. ಇವಳೇನು ಭಾರ?”

ಹೆಂಗಸರು ಬಗ್ಗಿ ಪೆಟ್ಟಿಗೆಯ ಹಿಡಿಗಳಿಗೆ ಕೈಹಾಕಿ ಎತ್ತಿದರು. ತೋಳು ಬಿಗಿದಂತೆ ಅಂಗಿಯ ತೋಳುಗಳು ಮೇಲಕ್ಕೆ ಸರಿದವು. ಮಣಿಕಟ್ಟಿನಿಂದ ಮೊಣಕೈವರೆಗೆ ಪ್ರತಿಯೊಂದು ಕೈಯ ಮೇಲೂ ಇಸ್ತ್ರಿಯ ಅಂಚು ತಾಗಿದ ಗೆರೆಗಳು, ಆವಿ ಬಡಿದ ಹೊಳೆಯುವ ಮಚ್ಚೆಗಳು, ಹಳೆಯವು, ಹೊಸವು. ಆ ಕೈಗಳ ನಡುವೆ ಒಂದು ಹಿಡಿ ಖಾಲಿ ಉಳಿದಿತ್ತು. ಅಣ್ಣ ಅಲ್ಲಿಗೆ ತನ್ನ ನುಣುಪಾದ ಕೈಯನ್ನು ಚಾಚಿದ. ಯಾರೂ ಅವನಿಗಾಗಿ ಸರಿದು ಜಾಗ ಮಾಡಲಿಲ್ಲ.