ಅರಿಶಿನ ಕುಂಕುಮದ ಹೊಲ

ನಮ್ಮೂರಿನಲ್ಲಿ ಯಾರೂ ‘ನನ್ನ ಮನೆ’, ‘ನನ್ನ ಹಸು’ ಅನ್ನುವುದಿಲ್ಲ. ಎಲ್ಲವೂ ‘ನಮ್ಮ’. ‘ನನ್ನ’ ಅಂದವರನ್ನು ಜನ ತಿರುಗಿ ನೋಡುತ್ತಾರೆ, ಇವಳಿಗೆಷ್ಟು ಕೊಬ್ಬು ಅನ್ನುವ ಹಾಗೆ. ಕೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಆ ‘ನಮ್ಮ’ದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಒಂದು ಸಲ ಕೇಳಿ ನೋಡಿ. ನಾನು ನಾಗಮಂಗಲದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಸಂಬಳವೂ ನಮ್ಮ ಸಂಬಳ. ಒಂದು ಜೊತೆ ಚಪ್ಪಲಿ ಬೇಕಾದರೆ ಅಪ್ಪನನ್ನು ಕೇಳಬೇಕು. ಅಪ್ಪ ಇಲ್ಲ ಅನ್ನುವುದಿಲ್ಲ, ಅದು ಬೇರೆ ಮಾತು. ಕೇಳುವುದಂತೂ ಕೇಳಲೇಬೇಕು.

ಹೇಳಹೊರಟಿರುವುದು ನನ್ನ ವಿಚಾರ ಅಲ್ಲ, ನನ್ನ ಸೋದರತ್ತೆ ಪುಟ್ಟತಾಯಮ್ಮನ ವಿಚಾರ. ಅತ್ತೆಯನ್ನು ಕೊಟ್ಟಿದ್ದು ಕೆ.ಆರ್. ಪೇಟೆ ಕಡೆ, ಹೇಮಗಿರಿ ಹತ್ತಿರದ ಒಂದು ಹಳ್ಳಿಗೆ. ಮಾವ ತೀರಿಕೊಂಡಾಗ ಅವಳಿಗೆ ಮಕ್ಕಳಿರಲಿಲ್ಲ. ಅಪ್ಪನೇ ಹೋಗಿ ಹೊಣಕೆರೆ ಪಕ್ಕದ ನಮ್ಮೂರಿಗೆ ಕರೆದುಕೊಂಡು ಬಂದ. ‘ನಾನಿರೋವರ್ಗೂ ನನ್ ತಂಗಿ ಇನ್ನೊಬ್ರ ಮುಂದೆ ಕೈ ಚಾಚಕ್ಕಿಲ್ಲ’ ಅಂದನಂತೆ. ಹಾಗೇ ನಡೆದುಕೊಂಡ ಕೂಡ. ನನ್ನಪ್ಪ ಸಿದ್ದರಾಜನ ಮಾತು ಒರಟು, ಮನಸ್ಸು ಕೆಟ್ಟದ್ದಲ್ಲ. ಹಬ್ಬಕ್ಕೆ ಅಮ್ಮನಿಗೊಂದು ಸೀರೆ ತಂದರೆ ಅತ್ತೆಗೂ ಒಂದು ಬರುತ್ತಿತ್ತು. ಯಾವ ಬಣ್ಣ ಬೇಕು ಅಂತ ಮಾತ್ರ ಒಂದು ದಿನವೂ ಕೇಳಿದವನಲ್ಲ.

ನಮ್ಮ ಕಡೆ ಕೂಲಿಯಾಳು ಸಿಗುವುದು ಕಷ್ಟ. ಅದಕ್ಕೆ ಹೆಂಗಸರು ಈಗಲೂ ಮುಯ್ಯಿ ಮೇಲೆ ಕೆಲಸ ಮಾಡಿಕೊಳ್ಳುತ್ತಾರೆ. ಇವತ್ತು ನಾವು ನಿಮ್ಮ ಹೊಲಕ್ಕೆ ಬಂದರೆ ನಾಳೆ ನೀವು ನಮ್ಮ ಹೊಲಕ್ಕೆ. ಮುಯ್ಯಿಗೆ ಬಂದವರಿಗೆ ಹೊಲದವರು ಊಟ ಹಾಕಬೇಕು, ಕೂಲಿ ಕೊಡುವ ಹಾಗಿಲ್ಲ. ಇನ್ನೊಂದು ರೂಢಿ ಇದೆ. ಮುಯ್ಯಾಳು ಬಂದ ತಕ್ಷಣ ಕುಡುಗೋಲು ಹಾಕುವುದಿಲ್ಲ. ಬದುವಿನ ಮೇಲೆ ನಿಂತು, ‘ಯಾವ ಕಡೆಯಿಂದ ಹಿಡಿಯೋಣ?’ ಅಂತ ಹೊಲದವರನ್ನು ಕೇಳಬೇಕು. ಅವರು ತೋರಿಸಿದ ಕಡೆಯಿಂದಲೇ ಕುಯ್ಯಬೇಕು. ಮನೆಯವರು ಇದನ್ನು ಕೇಳುವುದಿಲ್ಲ, ಸೀದಾ ಇಳಿಯುತ್ತಾರೆ.

ಅತ್ತೆ ಊರಿನ ಎಲ್ಲರ ಹೊಲದಲ್ಲೂ ಬೆನ್ನು ಬಗ್ಗಿಸಿದವಳು. ಅವಳು ಕುಡುಗೋಲು ಹಿಡಿದರೆ ಪಕ್ಕದ ಸಾಲಿನವರಿಗೆ ಉಸಿರು ಹತ್ತುತ್ತಿತ್ತು. ಆದರೆ ಮುಯ್ಯಿ ಲೆಕ್ಕ ಆಳಿಗಲ್ಲ, ಒಲೆಗೆ. ಅತ್ತೆಗೆ ಬೇರೆ ಒಲೆ ಇರಲಿಲ್ಲ. ಹಾಗಾಗಿ ಅವಳು ಹೋದ ಮುಯ್ಯಿಯೆಲ್ಲ ಸಿದ್ದರಾಜನ ಮನೆಯ ಮುಯ್ಯಿ, ತಿರುಗಿ ಬಂದದ್ದು ಅಪ್ಪನ ಹೊಲಕ್ಕೆ. ಇದರಲ್ಲಿ ತಪ್ಪಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಅತ್ತೆಗೂ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಹೋದ ವೈಶಾಖದಲ್ಲಿ, ಒಂದು ಮದುವೆಯಲ್ಲಿ. ಮಾವನ ಅಣ್ಣನ ಮಗಳ ಮದುವೆ. ಆ ಹುಡುಗಿಯನ್ನು ಅತ್ತೆ ಎತ್ತಿ ಆಡಿಸಿದವಳು, ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು. ಮದುವೆಯಲ್ಲಿ ಕೊಡುವ ಉಡುಗೊರೆಗೂ ನಾವು ಮುಯ್ಯಿ ಅಂತಲೇ ಅನ್ನುತ್ತೇವೆ. ಅತ್ತೆ ಒಂದು ತಾಮ್ರದ ಬಿಂದಿಗೆ ಇಟ್ಟಳು. ಕೊಟ್ಟವರ ಹೆಸರು ಕೂಗುವುದಕ್ಕೆ ಮೈಕು ಹಿಡಿದವನು, ‘ಯಾರ ಮನೆಯಿಂದಮ್ಮಾ?’ ಅಂದ. ಅತ್ತೆಗೆ ಬಾಯಿ ಬರಲಿಲ್ಲ. ಹಿಂದಿನಿಂದ ಅಪ್ಪ, ‘ಸಿದ್ದರಾಜು ಅಂತ ಕೂಗಪ್ಪ’ ಅಂದ. ಚಪ್ಪರದ ತುಂಬ ಅಪ್ಪನ ಹೆಸರು ಮೊಳಗಿತು. ಮದುವೆ ಹೆಣ್ಣು ಅತ್ತೆಯನ್ನು ನೋಡಿ ನಕ್ಕಳು. ಅತ್ತೆ ಮಾತ್ರ ಊಟಕ್ಕೆ ಕೂರಲಿಲ್ಲ.

ಊರಿಗೆ ಬಂದವಳೇ ಅಪ್ಪನಿಗೆ ಹೇಳಿದಳು, “ಈ ಸಲ ಅರಿಶಿನ ಕುಂಕುಮದ ಹೊಲ ನಾನೇ ಮಾಡ್ತೀನಿ ಅಣ್ಣಯ್ಯ.”

ಅತ್ತೆಯ ಮದುವೆಯಲ್ಲಿ ತಾತ ‘ಅರಿಶಿನ ಕುಂಕುಮಕ್ಕೆ ಇರಲಿ’ ಅಂತ ಅವಳಿಗೆ ಬಿಟ್ಟುಕೊಟ್ಟಿದ್ದ ಹದಿನೈದು ಗುಂಟೆ ಅದು. ಅರಿಶಿನ ಕುಂಕುಮವೇ ಹೋಯಿತು, ಹೆಸರು ಮಾತ್ರ ಉಳಿದಿತ್ತು. ಅಪ್ಪನ ಹೊಲದ ಮೇಲುಗಡೆ, ಗುಡ್ಡದ ಪೊದೆಗಳಿಗೆ ಅಂಟಿಕೊಂಡ ಇಳಿಜಾರು. ಅಲ್ಲಿಗೆ ಕುಯ್ಲಿನ ಮಿಷಿನ್ನು ಇಳಿಯುವುದಿಲ್ಲ.

“ಮಾಡು, ಯಾರ್ ಬ್ಯಾಡ ಅಂದೋರು? ವರ್ಸಾವರ್ಸ ನೀನೇ ಅಲ್ವಾ ಕಳೆ ಕೀಳೋದು,” ಅಂದ ಅಪ್ಪ.

“ಅಂಗಲ್ಲ. ಬೆಳೆ ನಂದು. ಒಲೆನೂ ಬ್ಯಾರೆ.”

ಅಪ್ಪ ಉಣ್ಣುತ್ತಿದ್ದ ಕೈ ನಿಲ್ಲಿಸಿದ. “ಯಾರವ್ವ ಏನಂದೋರು ನಿಂಗೆ? ನಿಮ್ಮತ್ಗೆ ಏನಾರ ಅಂದ್ಲಾ?”

“ಯಾರೂ ಏನೂ ಅಂದಿಲ್ಲ.”

“ಮತ್ತಿನ್ನೇನು? ಊರೋರು ನನ್ ಮಕಕ್ಕುಗಿಯಕ್ಕಿಲ್ವಾ? ಗಂಡ ಸತ್ತ ತಂಗಿಗೆ ಒಂದ್ ಮುದ್ದೆ ಇಟ್ಟು ಆಕಕ್ಕಾಗ್ದೆ ಒಲೆ ಬ್ಯಾರೆ ಮಾಡ್ದ ಅಂತಾರೆ. ಒಲ ಬೇಕಾದ್ರೆ ಮಾಡ್ಕೊ. ಒಲೆ ಮಾತು ಎತ್ತಬ್ಯಾಡ.”

ಅವತ್ತಿನಿಂದ ಅಪ್ಪ ಆ ಹೊಲದ ಕಡೆ ತಲೆ ಹಾಕಲಿಲ್ಲ. ಅತ್ತೆ ತಾನೇ ಗೊಬ್ಬರ ಹೊತ್ತಳು, ನಮ್ಮ ಕೇರಿಯ ಚಿಕ್ಕಬೋರಮ್ಮನ ಮಗನ ಟ್ರಾಕ್ಟರಿನಲ್ಲಿ ಉಳುಮೆ ಮಾಡಿಸಿ ಅವರ ಹೊಲದ ಕಳೆ ಕಿತ್ತು ತೀರಿಸಿದಳು. ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ ಹಾಕಿದಳು. ಮಳೆ ಕೈ ಕೊಡಲಿಲ್ಲ. ಕಾರ್ತಿಕ ಕಳೆಯುವ ಹೊತ್ತಿಗೆ ತೆನೆ ಮುಷ್ಟಿ ಕಟ್ಟಿಕೊಂಡು ಬಾಗಿತ್ತು. ಬೆಳಗಾದರೆ ಗುಡ್ಡದಿಂದ ನವಿಲಿನ ಹಿಂಡು ಇಳಿಯುತ್ತಿತ್ತು. ಒಂದು ಮೂಲೆಯನ್ನು ಹಂದಿ ನುಗ್ಗಿ ಆಗಲೇ ಮಲಗಿಸಿತ್ತು. ಇನ್ನು ಕಾಯುವ ಹಾಗಿರಲಿಲ್ಲ.

ಅತ್ತೆ ಸಂಜೆ ಮನೆಮನೆಗೂ ಹೋಗಿ ಕೂಗಿದಳು. ನಾನೂ ಜೊತೆಗಿದ್ದೆ, ಕೆಲಸಕ್ಕೆ ಎರಡು ದಿನ ರಜ ಹಾಕಿದ್ದೆ. “ನಾಳೆ ನಮ್ ಒಲ ಕುಯ್ಲು ಕಣವ್ವ, ಮುಯ್ಯಿಗೆ ಬನ್ನಿ.” ಒಬ್ಬರೂ ಇಲ್ಲ ಅನ್ನಲಿಲ್ಲ. ಚಿಕ್ಕಬೋರಮ್ಮನಂತೂ, “ನೀನು ಕರ್ದು ಬರ್ದೆ ಇರಕ್ಕಾಯ್ತದಾ ತಾಯಿ?” ಅಂದಳು. ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ದಾರಿಯಲ್ಲಿ, “ಎಲ್ರುಗೂ ನಾನೇ ಇಕ್ಬೇಕು ಕಣೇ ರಂಜಿತ. ಅವರೆಕಾಳು ಸಾರು ಮಾಡಾನ,” ಅಂದಳು.

ಬೆಳಿಗ್ಗೆ ಇಬ್ಬರೂ ಹೊಲದಲ್ಲಿ ಕಾದೆವು. ಮಂಜು ಕರಗಿತು, ಬಿಸಿಲು ಏರಿತು, ಯಾರೂ ಇಲ್ಲ. ಎಲ್ಲಿ ಹೋದರಪ್ಪಾ ಅಂತ ನೋಡುವಷ್ಟರಲ್ಲಿ ಕೆಳಗಿನಿಂದ ಹೆಂಗಸರ ನಗು ಕೇಳಿಸಿತು. ಬದುವಿನ ತುದಿಗೆ ಹೋಗಿ ಬಗ್ಗಿ ನೋಡಿದೆವು. ಆರೇಳು ಜನ ಸಾಲು ಹಿಡಿದು ಕುಯ್ಯುತ್ತಿದ್ದರು, ಅಪ್ಪನ ಹೊಲದಲ್ಲಿ.

ತಪ್ಪು ಅವರದಲ್ಲ. ‘ನಮ್ಮ ಹೊಲ’ ಅಂದರೆ ಊರಿಗೆಲ್ಲ ಸಿದ್ದರಾಜನ ಹೊಲ. ಅತ್ತೆ ಹುಟ್ಟಿದಾಗಿನಿಂದ ಆಡಿದ ಮಾತನ್ನೇ ಆಡಿದ್ದಳು, ಅವರು ಕೇಳಿದ ಮಾತನ್ನೇ ಕೇಳಿದ್ದರು. ಆದರೆ ಅಪ್ಪ? ಅವನು ಯಾರನ್ನೂ ಕರೆದಿರಲಿಲ್ಲ. ಅವರು ಬಂದು ಬದುವಿನ ಮೇಲೆ ನಿಂತಾಗಲೇ ಇದು ಯಾರ ಕರೆ ಅಂತ ಅವನಿಗೆ ಗೊತ್ತಾಗಿರಬೇಕು. ನನಗೆ ಮೈಯೆಲ್ಲ ಉರಿಯಿತು.

ನಾವು ಇಳಿದು ಹೋದೆವು. ಚಿಕ್ಕಬೋರಮ್ಮ ಬೆನ್ನು ನೆಟ್ಟಗೆ ಮಾಡಿ, “ಎಲ್ಲೋಗಿದ್ದೆ ಪುಟ್ತಾಯವ್ವ? ನೀನೇ ಕರ್ದು ನೀನೇ ಇಲ್ವಲ್ಲ! ಸಿದ್ದಣ್ಣುನ್ನ ಕೇಳುದ್ವಿ, ಮೂಡ್ಲಿಂದ ಇಡ್ಕಳಿ ಅಂದ,” ಅಂದಳು.

ಅಪ್ಪ ಅತ್ತ ತಿರುಗಿ ಕಂತೆ ಕಟ್ಟುತ್ತಿದ್ದ. ಕಟ್ಟಿದ್ದ ಕಂತೆಯನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಅತ್ತೆ ಜಗಳ ಆಡುತ್ತಾಳೆ ಅಂದುಕೊಂಡೆ. ಅಳುತ್ತಾಳೆ ಅಂತಲೂ ಅಂದುಕೊಂಡೆ. ಅವಳು ಎರಡೂ ಮಾಡಲಿಲ್ಲ. ಹೊಲಕ್ಕೆ ಇಳಿಯದೆ ಬದುವಿನ ಮೇಲೇ ನಿಂತಳು. ಸೊಂಟದಿಂದ ಕುಡುಗೋಲು ತೆಗೆದು ಕೇಳಿದಳು, “ಅಣ್ಣಯ್ಯ, ಯಾವ್ ಕಡೆಯಿಂದ ಇಡ್ಕೊಳ್ಲಿ?”

ಕುಯ್ಯುತ್ತಿದ್ದವರ ಕೈಗಳೆಲ್ಲ ನಿಂತವು.

ಅಪ್ಪ ತಿರುಗಿದ. “ಏನವ್ವ ಅಂಗಂದ್ರೆ? ನಮ್ ಒಲಕ್ಕೆ ನೀನು ಕೇಳ್ಬೇಕಾ?”

“ನಿನ್ ಒಲ ಅಣ್ಣಯ್ಯ. ನಾನು ಮುಯ್ಯಿಗ್ ಬಂದಿವ್ನಿ.”

ಅಪ್ಪ ಒಂದು ಸಲ ಹೆಂಗಸರನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ. ಕಡೆಗೆ ಬಾಯಲ್ಲಿ ಹೇಳದೆ ಗದ್ದ ಎತ್ತಿ ಪಡುವಲ ಮೂಲೆ ತೋರಿಸಿದ. ಅತ್ತೆ ಅಲ್ಲಿಂದ ಹಿಡಿದು ಸಂಜೆವರೆಗೂ ಕುಯ್ದಳು. ನಡುವೆ ಅಮ್ಮ ಊಟ ತಂದಾಗ ಮನೆಯವಳ ಹಾಗೆ ಬಡಿಸುವುದಕ್ಕೆ ಏಳಲಿಲ್ಲ, ಮುಯ್ಯಾಳುಗಳ ಸಾಲಿನಲ್ಲಿ ಕೂತು ಉಂಡಳು. ಅಮ್ಮ ಅವಳ ಮುಖವನ್ನೇ ನೋಡುತ್ತಾ ತಟ್ಟೆಗೆ ಸಾರು ಬಿಡಲು ಹೋಗಿ ಸ್ವಲ್ಪ ಚೆಲ್ಲಿಕೊಂಡಳು.

ಹೊರಡುವಾಗ ಚಿಕ್ಕಬೋರಮ್ಮ ಅತ್ತೆಯ ಕೈ ಹಿಡಿದಳು. “ಗೊತ್ತಾಗ್ಲಿಲ್ಲ ಕಣವ್ವ. ಇವತ್ತಿಂದು ಸಿದ್ದಣ್ಣುಂಗೆ ಸೇರೋಯ್ತು. ನಾಳಿಂದ ನಮ್ಮೊಲ ಶುರುವಾಯ್ತದೆ, ಬರಕ್ಕಾಗಕ್ಕಿಲ್ಲ. ನಿಂದ್ ಯಾರ್ ಕುಯ್ತಾರೆ?”

ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ನಂಗೆ ಒಂದ್ ಮುಯ್ಯಿ ಬರ್ಬೇಕಲ್ಲ, ಅಣ್ಣಯ್ಯಂದು. ನಾಳೆ ಅಣ್ಣಯ್ಯ ಬತ್ತನೆ.”

ಮನೆಗೆ ಬಂದ ಮೇಲೆ ಅಪ್ಪ ಕೂಗಾಡಿದ. “ನನ್ ಮನೆ ಇಟ್ಟುಂಡು ನನ್ನೇ ಮುಯ್ಯಿ ಕೇಳ್ತಾಳಲ್ಲ, ಇವ್ಳಿಗೆ ನಾನೇನ್ ಕಮ್ಮಿ ಮಾಡಿದ್ದೆ?” ಅಮ್ಮ ಸುಮ್ಮನಿರಿ ಅಂದಷ್ಟೂ ಅವನ ದನಿ ಏರಿತು. ನನಗೆ ಅಪ್ಪನ ಮೇಲೆ ಕೋಪವೂ ಬರುತ್ತಿತ್ತು, ಪಾಪ ಅಂತಲೂ ಅನ್ನಿಸುತ್ತಿತ್ತು. ಅವನು ನಿಜವಾಗಿಯೂ ಏನೂ ಕಮ್ಮಿ ಮಾಡಿರಲಿಲ್ಲ.

ಅತ್ತೆ ಜಗಲಿಯಲ್ಲಿ ಕುಡುಗೋಲು ಒರೆಸುತ್ತಾ ಕೂತಿದ್ದಳು. ಅವನ ಮಾತು ಮುಗಿಯುವವರೆಗೂ ಕಾದಳು.

“ನೀನು ನಂಗೆ ಇಕ್ದೆ ಅಣ್ಣಯ್ಯ. ಇಲ್ಲ ಅಂದ್ರೆ ನನ್ ನಾಲ್ಗೆ ಬಿದ್ದೋಯ್ತದೆ. ಆದ್ರೆ ಇಷ್ಟು ವರ್ಸದಲ್ಲಿ ನಾನು ಒಬ್ರಿಗೂ ಇಕ್ಲಿಲ್ಲ. ನಿಂಗೂ ಇಕ್ಲಿಲ್ಲ.”

ಅಪ್ಪ ಟವಲ್ಲು ಹೆಗಲಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟಿಕೊಂಡು ಕೊಟ್ಟಿಗೆ ಕಡೆ ಹೋದ.

ಮಾರನೆಯ ದಿನ ಅತ್ತೆ ಒಂದು ಪಾತ್ರೆ, ಎರಡು ತಟ್ಟೆ, ಒಂದಷ್ಟು ಹಿಟ್ಟು ಹೊತ್ತುಕೊಂಡು ಹೊಲಕ್ಕೆ ಹೊರಟಳು. ನಾನು ಇನ್ನೊಂದು ತಟ್ಟೆ ತೆಗೆದುಕೊಂಡೆ. ಅಪ್ಪ ಎದ್ದಿದ್ದ, ಹಸುವಿನ ಮುಂದೆ ನಿಂತಿದ್ದ, ನಮ್ಮ ಕಡೆ ನೋಡಲಿಲ್ಲ. ಅತ್ತೆಯೂ ಕರೆಯಲಿಲ್ಲ. ಮುಯ್ಯಿಯನ್ನು ಎರಡು ಸಲ ಕರೆಯಬಾರದು.

ಬದುವಿನ ಮೇಲೆ ಅವಳು ಮೂರು ಕಲ್ಲು ಹುಡುಕಿ ಹೂಡಿದಳು. ಅಕ್ಕಡಿ ಸಾಲಿನ ಅವರೆಕಾಯಿ ಬಿಡಿಸಿ ಬೇಯಲು ಇಟ್ಟಳು. ಹೊಗೆ ಎದ್ದದ್ದಕ್ಕೆ ನವಿಲುಗಳು ಕೂಗಿಕೊಂಡು ಗುಡ್ಡಕ್ಕೆ ಹಾರಿದವು. ಆಮೇಲೆ ಕುಯ್ಯುವುದಕ್ಕೆ ಇಳಿದೆವು. ನನ್ನ ಕುಯ್ಲು ನೋಡಿದರೆ ಹಂದಿಯೇ ವಾಸಿ ಅನ್ನುವ ಹಾಗಿತ್ತು. ಇಬ್ಬರಿಂದ ಇದು ಮುಗಿಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅತ್ತೆ ತಲೆ ಎತ್ತಿ ದಾರಿ ನೋಡುವಳು, ನಾನು ನೋಡಿದರೆ ಬಗ್ಗುವಳು. ಊರಿನ ಮುಂದೆ ಅಷ್ಟು ಧೈರ್ಯವಾಗಿ ಹೇಳಿಬಂದವಳು. ಅವನು ಬರದಿದ್ದರೆ ಹೋಗುವುದು ರಾಗಿ ಮಾತ್ರ ಅಲ್ಲ. ‘ನಾಳೆ ಅಣ್ಣಯ್ಯ ಬತ್ತನೆ’ ಅಂದ ಮಾತು ಹೋಗುತ್ತದೆ, ಅವಳು ತಿರುಗಿ ಆ ಮನೆಯ ಜಗಲಿಗೆ ಬಂದು ತಟ್ಟೆ ಹಿಡಿದು ಕೂರಬೇಕಾಗುತ್ತದೆ. ದೇವರೇ, ಅಪ್ಪನ್ನ ಕಳಿಸು ಅಂತ ಬೇಡಿಕೊಂಡೆ.

ಸಾರು ಕುದಿಯುವ ಹೊತ್ತಿಗೆ ಕೆಳಗಿನಿಂದ ಕೆಮ್ಮು ಕೇಳಿಸಿತು.

ಅಪ್ಪ ಬದು ಹತ್ತಿ ಬಂದ. ಸೊಂಟದಲ್ಲಿ ಕುಡುಗೋಲಿತ್ತು. ಮೊದಲು ಅವನು ನೋಡಿದ್ದು ಆ ಮೂರು ಕಲ್ಲುಗಳನ್ನು, ಅದರಡಿಯ ಬೆಂಕಿಯನ್ನು. ಇಷ್ಟು ವರ್ಷ ಆ ಹೊಲವನ್ನು ಉತ್ತವನು ಅವನೇ. ಎಲ್ಲಿ ಕಲ್ಲಿದೆ, ಎಲ್ಲಿ ನೀರು ನಿಲ್ಲುತ್ತದೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು. ಸೀದಾ ಇಳಿಯಬಹುದಿತ್ತು. ಇಳಿಯಲಿಲ್ಲ. ಹೆಗಲ ಮೇಲಿನ ಟವಲ್ಲು ತೆಗೆದು ತಲೆಗೆ ಸುತ್ತಿಕೊಂಡು, ನೆಲ ನೋಡುತ್ತಾ ನಿಂತ.

“ಯಾವ್ ಕಡೆಯಿಂದ ಇಡ್ಕೊಳ್ಲವ್ವ?” ಅಂದ.

ಅತ್ತೆ ಕುಡುಗೋಲು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಾನಂತೂ ಅತ್ತೇಬಿಟ್ಟೆ.

“ಪಡುವಲಿಂದ ಇಡ್ಕೊ ಅಣ್ಣಯ್ಯ,” ಅಂದಳು. “ಮದ್ಯಾನ ಊಟ ಇಲ್ಲೇ.”